ಬೆಳಕು ಎಲ್ಲೈತೆ ಹೇಳು

ಹೋದ ತಿಂಗಳು ಹೊಸೂರು ಪಕ್ಕದ ಮೂಕಂಡಪಲ್ಲಿಯ ನಮ್ಮ ಬೀದಿಯ ತಿರುವಿನಲ್ಲಿ ಕಣ್ಣೀರಂಜಲಿಯ ಫ್ಲೆಕ್ಸ್ ಕಟ್ಟಿದ್ದರು. ಈ ಕಡೆ ಯಾರು ತೀರಿಕೊಂಡರೂ ಸಂಜೆಯೊಳಗೆ ಅವರ ಮುಖ ಕರೆಂಟು ಕಂಬ ಏರಿರುತ್ತದೆ. ಅವತ್ತು ಏರಿದ್ದು ಸ್ಟುಡಿಯೋ ಅಣ್ಣನ ಮುಖ. ಯಾರೋ ಮದುವೆ ಊಟದ ಪಂಕ್ತಿಯಲ್ಲಿ ಫೋನಿನಿಂದ ತೆಗೆದದ್ದು. ನೆತ್ತಿಯ ಮೇಲೆ ಟ್ಯೂಬ್‌ಲೈಟು ಬಿದ್ದು ಕಣ್ಣಿನ ಗುಳಿಗಳೆರಡೂ ಕಪ್ಪಾಗಿದ್ದವು, ಕೆನ್ನೆಯಲ್ಲಿ ತುತ್ತು ಬೇರೆ. ನಾನು ಕಂಪನಿ ಬಸ್ಸಿಗೆ ಹೊರಟವಳು ಅಲ್ಲೇ ನಿಂತುಬಿಟ್ಟೆ. ಅಳುವ ಮೊದಲು ನನಗೆ ಸಿಟ್ಟು ಬಂತು. ಊರಿನವರ ಮುಖಕ್ಕೆಲ್ಲ ಬೆಳಕು ಹುಡುಕಿಕೊಟ್ಟ ಮನುಷ್ಯನಿಗೆ ಕೊನೆಗೆ ಸಿಕ್ಕಿದ್ದು ಇದು!

ಅವರ ಹೆಸರು ಹೇಳಿದರೆ ನಮ್ಮ ಬೀದಿಯಲ್ಲಿ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ. ಕನ್ನಡದವರಿಗೆ ಸ್ಟುಡಿಯೋ ಅಣ್ಣ, ತಮಿಳರಿಗೆ ಸ್ಟುಡಿಯೋಕಾರರು, ಮಕ್ಕಳಿಗೆ ಫೋಟೋ ಮಾಮ. ಹುಟ್ಟಿದ್ದು ಸಾನಮಾವು ಕಾಡಿನ ಅಂಚಿನ ಹಳ್ಳಿಯಲ್ಲಿ, ರಾಗಿ ಬೆಳೆಯುವ ಮನೆಯಲ್ಲಿ. ಅಕ್ಕ, ಅಂದರೆ ಅವರ ಹೆಂಡತಿ, ಸೂಳಗಿರಿ ಕಡೆಯ ತೆಲುಗಿನ ಮನೆಯವರು. ಗಂಡಹೆಂಡಿರ ನಡುವೆ ಕನ್ನಡ. ಅಕ್ಕನಿಗೆ ಸಿಟ್ಟು ಬಂದಾಗ ಮಾತ್ರ ತೆಲುಗು ಹೊರಗೆ ಬರುತ್ತಿತ್ತು. ಮುಂದೆ ಸ್ಟುಡಿಯೋ, ಹಿಂದೆ ಮನೆ, ಮಧ್ಯೆ ಒಂದು ಪರದೆ. ಪರದೆಯ ಆಚೆ ಸಾರು ಕುದಿಯುವ ವಾಸನೆಗೇ ಎಷ್ಟೋ ಜನ ಪಾಸ್‌ಪೋರ್ಟ್ ಸೈಜಿನ ಫೋಟೋದಲ್ಲಿ ಹಸಿದ ಮುಖ ಮಾಡಿಕೊಂಡಿರುತ್ತಿದ್ದರು.

ನಾನು ಮಧುಗಿರಿ ಕಡೆಯಿಂದ ಅವರ ಪಕ್ಕದ ಮನೆಗೆ ಮದುವೆಯಾಗಿ ಬಂದವಳು. ಇಲ್ಲಿನ ಫ್ಯಾಕ್ಟರಿಯೊಂದರಲ್ಲಿ ನನ್ನ ಕೆಲಸ ದೀಪದ ಕೆಳಗೆ ಬಿಡಿಭಾಗ ಹಿಡಿದು ಗೀರು, ಕಲೆ, ತೂತು ಹುಡುಕುವುದು. ಆ ಕೆಲಸಕ್ಕೆ ಸೇರುವಾಗ ಐಡಿ ಕಾರ್ಡಿಗೆ ಫೋಟೋ ಬೇಕಿತ್ತು, ಓಡಿಹೋಗಿ ಅಣ್ಣನ ಮುಂದೆ ನಿಂತೆ. ಅವರು ಕ್ಯಾಮೆರಾ ಮುಟ್ಟಲಿಲ್ಲ. ಅಂಗೈ ಚಾಚಿ, ಮಳೆ ಹನಿ ನೋಡುವವರ ಹಾಗೆ, ಬಾಗಿಲ ಹತ್ತಿರ ಒಂದಿಷ್ಟು, ಕಿಟಕಿಯ ಹತ್ತಿರ ಒಂದಿಷ್ಟು ಹಿಡಿದು ತಿರುಗಿಸುತ್ತ ನಿಂತರು.

"ಅಣ್ಣ, ಬಸ್ಸು ಹೋಗ್ತೈತೆ. ಬಿಳಿ ಪರದೆ ಐತಲ್ಲ, ಲೈಟ್ ಹಾಕಿ ತೆಗೀರಿ."

"ಇರು ತಾಯಿ. ಎದುರು ಮನೆ ಟ್ಯಾಂಕು ದಾಟಿ ಬಿಸ್ಲು ಬತ್ತೈತೆ. ಈಗ ತೆಗೆದ್ರೆ ನಿನ್ನ ಮೊಕ ಬೇರೆಯೋರ ಮೊಕ ಎಲ್ಲಾ ಒಂದೇ ತರ ಬತ್ತೈತೆ."

"ಐಡಿ ಕಾರ್ಡಿಗೆ ಯಾರ ಮೊಕ ಇದ್ರೇನು?"

"ವಾಚ್‌ಮನ್ನು ದಿನಾ ನೋಡ್ತಾನಲ್ಲ, ಅವನಿಗಾದ್ರೂ ಬ್ಯಾಡ್ವಾ?"

ಬಸ್ಸು ತಪ್ಪಿತು. ನಾನು ಬಾಯಿಗೆ ಬಂದ ಹಾಗೆ ಅಂದೆ, ಅವರು ನಗುತ್ತಲೇ ಇದ್ದರು. ಆದರೆ ಆ ಫೋಟೋ ಇಂದಿಗೂ ನನ್ನ ಕೊರಳಲ್ಲಿದೆ. ಕಾರ್ಡು ಎಷ್ಟು ಸಲ ಬದಲಾದರೂ ಅದೇ ಫೋಟೋ ಕೊಟ್ಟಿದ್ದೇನೆ.

ಅವರ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದದ್ದು ಅದಾಗಿ ಕೆಲವು ವರ್ಷಕ್ಕೆ. ಹೊಸೂರಿನ ಡಾಕ್ಟರು ಬೆಂಗಳೂರಿಗೆ ಕಳಿಸಿದರು, ಬೆಂಗಳೂರಿನವರು ಹೋದದ್ದು ಹೋಯಿತು, ಇರುವುದನ್ನು ಆದಷ್ಟು ದಿನ ಉಳಿಸೋಣ ಎಂದರು. ಮೊದಲು ಅಕ್ಷರ ಹೋಯಿತು, ಆಮೇಲೆ ಮುಖಗಳು ಹೋದವು. ಉಳಿದದ್ದು ಬೆಳಕು ಎಷ್ಟು, ನೆರಳು ಎಷ್ಟು ಎಂಬ ಅಂದಾಜು ಮಾತ್ರ. ಸ್ಟುಡಿಯೋ ಮುಚ್ಚುತ್ತಾರೆ ಎಂದು ನಾವೆಲ್ಲ ಅಂದುಕೊಂಡೆವು. ಅಲ್ಲಿಯವರೆಗೆ ಫೋಟೋ ಕತ್ತರಿಸಿ ಕವರಿಗೆ ಹಾಕುವುದಷ್ಟೇ ಮಾಡುತ್ತಿದ್ದ ಅಕ್ಕ, ಒಂದು ದಿನ ಸೆರಗು ಸಿಕ್ಕಿಸಿ ಕ್ಯಾಮೆರಾ ಹಿಂದೆ ನಿಂತರು.

ನಿಂತದ್ದೇನೋ ನಿಂತರು. ಆದರೆ ಬಟನ್ ಒತ್ತುವ ಹೊತ್ತು ಹೇಳುವುದು ಮಾತ್ರ ಅಣ್ಣನ ಕೆಲಸ. ಅವರು ಪಕ್ಕದ ಸ್ಟೂಲಿನಲ್ಲಿ ಕೂತು "ಬೆಳಕು ಎಲ್ಲೈತೆ ಹೇಳು" ಎನ್ನುವರು. ಅಕ್ಕ ಕಣ್ಣು ಕಿರಿದು ಮಾಡಿ ಶುರು ಮಾಡುವರು: "ಹಣೆ ಮ್ಯಾಲೈತೆ. ಎಡಗೆನ್ನೆಗೆ ಇಳೀತು. ಮೂಗಿನ ನೆಳ್ಳು ತುಟಿ ಮುಟ್ತಾ ಐತೆ." ಅಣ್ಣ ಗಲ್ಲ ಎತ್ತಿ ಕೇಳುತ್ತ ಕೇಳುತ್ತ, ಇದ್ದಕ್ಕಿದ್ದಂತೆ "ತಗೀ" ಎನ್ನುವರು. ಕ್ಲಿಕ್. ಹೊಸದಾಗಿ ಬಂದವರು ಇದೇನೋ ದೃಷ್ಟಿ ತೆಗೆಯುವ ಮಂತ್ರ ಎಂದುಕೊಂಡು ಕೈ ಮುಗಿದು ಕೂತದ್ದೂ ಉಂಟು.

ಶುರುವಿನಲ್ಲಿ ಅಕ್ಕ "ಚೆನ್ನಾಗೈತೆ" ಎಂದುಬಿಡುತ್ತಿದ್ದರಂತೆ. ಅಣ್ಣ ರೇಗುತ್ತಿದ್ದರು. "ಚೆನ್ನಾಗೈತೆ ಅನ್ಬ್ಯಾಡ, ಎಲ್ಲೈತೆ ಅನ್ನು. ಚೆನ್ನಾಗೈತೋ ಇಲ್ವೋ ನಾನು ನೋಡ್ಕೊತೀನಿ." ಕಣ್ಣು ಕಾಣದವರು "ನೋಡ್ಕೊತೀನಿ" ಎನ್ನುವುದು ಕೇಳಿ ನಾನು ತಲೆ ಎತ್ತಿ ಅವರ ಮುಖ ನೋಡುತ್ತಿದ್ದೆ. ಅವರಿಗೆ ಮಾತ್ರ ಅದು ಮಾಮೂಲು ಮಾತು. ಬರಬರುತ್ತಾ ಅಕ್ಕ ಎಷ್ಟು ಕರಾರುವಾಕ್ಕು ಆದರೆಂದರೆ, ಅವರ ಮುಂದೆ ನಾನು "ಆ ಮನೆ ಹುಡುಗಿ ಬೆಳ್ಳಗವಳೆ" ಎಂದರೆ "ಯಾವ ಹೊತ್ತಾಗೆ ನೋಡ್ದೆ? ಸಂಜೇನಾ?" ಎಂದು ತಿದ್ದುತ್ತಿದ್ದರು. ಸೀರೆಯ ಅಂಚು ಹಸಿರೋ ಗಿಳಿಹಸಿರೋ ಎನ್ನುವುದಕ್ಕೆ ನನ್ನ ಜೊತೆ ಬಿಸಿಲಿಗೆ ಬಂದು ವಾದ ಮಾಡಿದ ಹೆಂಗಸು. ಕಂಡದ್ದನ್ನು ಒಂದು ಕೂದಲೆಳೆ ಹೆಚ್ಚು ಕಡಿಮೆ ಹೇಳುವುದು ಅವರಿಗೆ ಸುಳ್ಳು ಹೇಳಿದಷ್ಟೇ ಪಾಪ.

ಅಣ್ಣನಿಗೆ ಫ್ಲ್ಯಾಶ್ ಎಂದರೆ ಆಗುತ್ತಿರಲಿಲ್ಲ. "ಮೊಕಕ್ಕೆ ನೀರು ಎರಚ್ದಂಗೆ" ಎನ್ನುವರು. ಒಮ್ಮೆ ನಾಮಕರಣದ ಮನೆಯಲ್ಲಿ ಕೂಸು ಅತ್ತು ಅತ್ತು ಕೆಂಪಾಗಿತ್ತು. ಅಕ್ಕ ಕ್ಯಾಮೆರಾ ಎತ್ತಿದರೆ ಅಣ್ಣ ಬೇಡವೆಂದರು. ಮಗುವನ್ನು ಅಜ್ಜಿಯ ಕೈಗೆ ಕೊಡಿಸಿ, ಅಜ್ಜಿಯನ್ನು ಹಿತ್ತಲ ಬಾಗಿಲಿಗೆ ಕಳಿಸಿ, ಎಲ್ಲರನ್ನೂ ಊಟಕ್ಕೆ ಎಬ್ಬಿಸಿದರು. ಯಜಮಾನರು ತಮಿಳಿನಲ್ಲಿ "ಎನ್ನ ಸಾರ್, ಫೋಟೋ ಎಪ್ಪೋ?" ಎಂದು, ಇನ್ನು ಯಾವಾಗ ತೆಗೆಯುವುದೆಂದು ಗೊಣಗಿದರು. ಮಗು ನಿದ್ದೆ ಹೋಗಿ, ಹಿತ್ತಲ ಬಿಸಿಲು ಅಜ್ಜಿಯ ಮುಂಗೈಗೂ ಮಗುವಿನ ಕಿವಿಗೂ ಬಿದ್ದಾಗ ಒಂದೇ ಒಂದು ತೆಗೆಸಿದರು. ಆ ಮನೆಯಲ್ಲಿ ಈಗಲೂ ಟಿವಿಯ ಮೇಲೆ ಇರುವುದು ಅದೇ.

ಇಷ್ಟೆಲ್ಲ ಆದರೂ ಸ್ಟುಡಿಯೋ ಮನೆಯಲ್ಲಿ ಅಕ್ಕನದ್ದೇ ಒಂದು ಫೋಟೋ ಇರಲಿಲ್ಲ. ಮದುವೆಯ ಆಲ್ಬಮ್ ಒಂದು ಮಳೆಗಾಲದಲ್ಲಿ ಸೋರಿ ಅಂಟಿಕೊಂಡು ಹೋಗಿತ್ತು. ಆಮೇಲೆ ತೆಗೆಯೋಣ, ತೆಗೆಯೋಣ ಎಂದು ವರ್ಷಗಳು ಹೋದವು. ದೀಪದ ಕೆಳಗೆ ಕತ್ತಲು ಎಂದು ಬೀದಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಅಣ್ಣ ಅದನ್ನು ಕೇಳಿಸಿಕೊಂಡು ಸುಮ್ಮನೆ ತಲೆ ಆಡಿಸುವರು.

ಹೀಗಿರುವಾಗ ಹೊಸೂರಿನ ಫೋಟೋಗ್ರಾಫರುಗಳ ಸಂಘವೊಂದು ಸ್ಪರ್ಧೆ ಇಟ್ಟಿತು. ನನ್ನ ಫೋನಿಗೆ ಬಂದ ಮೆಸೇಜನ್ನು ಅವರಿಗೆ ಓದಿ ಹೇಳಿದೆ. ವಿಷಯ: ಮನಸ್ಸು ಮುಟ್ಟುವ ಬೆಳಕು. ಆಯ್ಕೆಯಾದ ಚಿತ್ರಗಳನ್ನು ಹಾಲ್‌ನಲ್ಲಿ ತೂಗುಹಾಕುತ್ತಾರೆ.

ಅಣ್ಣ ಮೊದಲು ನಕ್ಕರು. "ಬೆಳಕ್ಗೂ ಪ್ರೈಜಾ? ಸೂರ್ಯಂಗೆ ಕೊಡ್ಲಿ ಬಿಡು." ಸ್ವಲ್ಪ ಹೊತ್ತು ಬಿಟ್ಟು ಪರದೆಯ ಕಡೆ ಮುಖ ತಿರುಗಿಸಿ, ದನಿ ಏರಿಸಿದರು. "ಏಯ್ ಇವ್ಳೇ, ಕೇಳಿಸ್ತಾ? ನಿನ್ನ ಕೂರ್ಸಿ ಒಂದು ತೆಗೀತೀನಿ. ನಾನೇ ಒತ್ತೋದು."

ಪರದೆಯ ಆಚೆ ಪಾತ್ರೆಯ ಸದ್ದು ನಿಂತಿತು. "ನಾನು ತಲೆಗೆ ಎರ್ಕೊಂಡಿಲ್ಲ," ಎಂದರು ಅಕ್ಕ.

ಮರುದಿನ ಸೀರೆ ಒಣಗಿರಲಿಲ್ಲ. ಅದರ ಮರುದಿನ ಹಲ್ಲುನೋವು. ಆಮೇಲೆ ಶುಕ್ರವಾರ, ಆಮೇಲೆ ಅಮಾವಾಸ್ಯೆ. ಅಣ್ಣ ಒತ್ತಾಯ ಮಾಡುವವರಲ್ಲ. ಕ್ಯಾಮೆರಾ ಒರೆಸಿ ಒರೆಸಿ ಇಡುತ್ತಿದ್ದರು. ನನಗೇ ತಡೆಯಲಾಗಲಿಲ್ಲ. ಒಂದು ದಿನ ಅಡುಗೆಮನೆಗೇ ನುಗ್ಗಿ ಜಗಳಕ್ಕೆ ನಿಂತೆ. ಅಷ್ಟು ಆಸೆಪಡುವ ಗಂಡನಿಗೆ ಒಂದು ಗಳಿಗೆ ಕೂರುವುದಕ್ಕೆ ನಿಮಗೇನು ದಾಡಿ ಎಂದೆ.

ಅಕ್ಕ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದವರು ಕೈ ನಿಲ್ಲಿಸಲಿಲ್ಲ. "ಬೆಂಗ್ಳೂರ್ ಡಾಕ್ಟ್ರು ಏನಂದ್ರು ಗೊತ್ತೇನೇ? ಇರೋ ಚೂರು ಯಾವಾಗ ಹೋಗ್ತೈತೋ ಹೇಳಾಕಾಗಲ್ಲ ಅಂದ್ರು. ನನ್ನ ತೆಗೀಬೇಕು ಅಂತ ಅವ್ರಿಗೆ ಆಸೆ. ಆ ಆಸೆ ಇರೋಗಂಟ ಕಣ್ಣು ಇರ್ತೈತೆ. ನಾನು ಕೂತ್ಕೊಂಡೆ, ತೆಗೆದ್ರು, ಮುಗೀತು ಅನ್ಕೋ. ಆಮ್ಯಾಕೆ ಆ ಕಣ್ಣಿಗೆ ಏನ್ ಕೆಲಸ ಉಳೀತು? ಹೋಗ್ಬುಡ್ತೈತೆ." ಜರಡಿಯನ್ನು ಪಕ್ಕಕ್ಕೆ ಇಟ್ಟು ನನ್ನ ಮುಖ ನೋಡಿದರು. "ನೀನು ಓದಿರೋಳು, ನಗ್ತೀಯ."

ನಾನು ನಗಲಿಲ್ಲ. ಜಗಳಕ್ಕೆಂದು ಬಂದವಳು ಹಿಟ್ಟಿನ ಡಬ್ಬಿ ಮುಚ್ಚಿಕೊಟ್ಟು ಎದ್ದುಬಂದೆ.

ಫೋಟೋ ಕಳಿಸುವ ದಿನ ಹತ್ತಿರ ಬಂತು. ಒಂದು ಭಾನುವಾರ ಬೆಳಿಗ್ಗೆ ನಾನು ಬಟ್ಟೆ ಒಣಹಾಕುತ್ತಿದ್ದೆ. ಅಣ್ಣ ಎಂದಿನಂತೆ ಬಾಗಿಲ ಹೊಸ್ತಿಲಲ್ಲಿ ಕಾಲು ಚಾಚಿ ಕೂತಿದ್ದರು. ಬಿಸಿಲು ಎದುರು ಮನೆಯ ಟ್ಯಾಂಕು ದಾಟಿ ನೇರ ಅವರ ಮುಖಕ್ಕೇ ಬಿದ್ದಿತ್ತು. ಕಣ್ಣು ಬಿಡಲಾಗದಷ್ಟು ಬಿಸಿಲು. ಅಕ್ಕ ಕಾಫಿ ತಂದು ಅವರ ಕೈಗೆ ಹಿಡಿಸುತ್ತಿದ್ದರು.

ಅಣ್ಣ ಲೋಟ ಹಿಡಿದು, ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ, ಕೇಳಿದರು. "ಇವತ್ತು ಮೋಡನಾ?"

ನನ್ನ ಕೈಯಲ್ಲಿದ್ದ ಒದ್ದೆ ಸೀರೆ ಹಾಗೇ ಉಳಿಯಿತು. ಅಕ್ಕ ಒಂದು ಸಲ ಆಕಾಶ ನೋಡಿದರು. ಅಲ್ಲಿ ಹತ್ತಿಯೆಳೆಯಷ್ಟು ಮೋಡವೂ ಇರಲಿಲ್ಲ.

"ಊಂ," ಎಂದರು. "ಮೋಡ. ಸರೀತೈತೆ ಇರು."

ಎಂದವರೇ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಕಂದು ಸೀರೆ ಉಟ್ಟು, ತಲೆ ಬಾಚಿ, ಹಿತ್ತಲ ಕಡೆಯಿಂದ ಸುತ್ತಿಕೊಂಡು ನನ್ನ ಬಾಗಿಲಿಗೆ ಬಂದರು. ಅವರ ಕಣ್ಣು ಕೆಂಪಗಿತ್ತು. "ಬಾರೇ. ಇವತ್ತು ಕೂರ್ತೀನಿ. ನಾನು ಕೂತ್ರೆ ಬೆಳಕು ಎಲ್ಲೈತೆ ಅಂತ ಹೇಳೋರು ಬ್ಯಾಡ್ವಾ?"

ಹೀಗೆ ನಾನು ಅಣ್ಣನ ಪಕ್ಕದಲ್ಲಿ ನಿಂತೆ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಅಕ್ಕನೇ ಗುರಿ ಹಿಡಿದು ಸರಿಮಾಡಿ, ಆಮೇಲೆ ಹೋಗಿ ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತರು. ಅಣ್ಣನ ಬೆರಳು ಬಟನ್ ಮೇಲೆ. "ಮೋಡ ಸರೀತಾ?" ಎಂದು ಕೇಳಿದರು. "ಸರೀತು," ಎಂದರು ಅಕ್ಕ. "ಹೇಳು ತಾಯಿ," ಎಂದರು ಅಣ್ಣ, ನನಗೆ.

ನನಗೆ ಬರುವುದು ಒಂದೇ ವಿದ್ಯೆ, ಕಲೆ ಹುಡುಕುವುದು. "ಬೆಳಕು ಬಲಗೆನ್ನೆ ಮೇಲೆ ಐತೆ ಅಣ್ಣ. ಬಲಗಣ್ಣಿನ ಕೆಳಗೆ ಒಂದು ಗುಳಿ ಬಿದ್ದೈತೆ, ಸಾಸಿವೆ ಕಾಳಿನಷ್ಟು," ಎಂದೆ.

"ಅದ್ಯಾಕೇ ಹೇಳ್ತೀಯಾ?" ಎಂದರು ಅಕ್ಕ, ಕೂತಲ್ಲಿಂದಲೇ.

"ಹೇಳ್ಲಿ ಬಿಡು. ಚಿಕ್ಕೋಳಿದ್ದಾಗ ಸಿಡುಬಮ್ಮ ಆಗಿತ್ತಲ್ಲ, ಅದ್ರ ಗುಳಿ ಅದು. ಅದ್ರಾಗೆ ನೆಳ್ಳು ಐತಾ ತಾಯಿ?"

"ಐತೆ."

"ಹಂಗಾದ್ರೆ ಇನ್ನೂ ಒಂಚೂರು ಇರು."

ನಾವು ಕಾದೆವು. ಅಕ್ಕ ಬೆನ್ನು ಸೆಟೆದುಕೊಂಡು, ಪೊಲೀಸ್ ಸ್ಟೇಷನ್ನಿನಲ್ಲಿ ಕೂತವರ ಹಾಗೆ ಕೂತಿದ್ದರು. ನಾನು ಹಣೆ ಎಂದೆ, ಗಲ್ಲ ಎಂದೆ, ಕುತ್ತಿಗೆಯ ಸುಕ್ಕು ಎಂದೆ, ಅಣ್ಣ ಒತ್ತಲೇ ಇಲ್ಲ. ಅಷ್ಟರಲ್ಲಿ ಒಳಗಿನಿಂದ ಹಾಲು ಉಕ್ಕಿದ ವಾಸನೆ ಬಂತು. ನಾನು ಅದನ್ನೂ ವರದಿ ಮಾಡುವವಳಂತೆ, "ಅಣ್ಣ, ಹಾಲು ಉಕ್ತು, ಎಡಗಡೆ ಒಲೆ ಮೇಲೆ," ಎಂದುಬಿಟ್ಟೆ. ಅಕ್ಕ "ಅಯ್ಯೋ ನಿನ್ನ!" ಎಂದು ಅರ್ಧ ಎದ್ದವರು ನಗು ತಡೆಯಲಾರದೆ ಬಾಗಿಲ ಕಂಬ ಹಿಡಿದುಕೊಂಡರು. ಕ್ಲಿಕ್.

ಆಗ ಬೆಳಕಿನ ಮಾತು ನಾನು ಏನೂ ಹೇಳಿರಲಿಲ್ಲ. ಹೇಗೆ ಒತ್ತಿದಿರಿ ಎಂದೆ.

"ನಕ್ಳಲ್ಲ," ಎಂದರು ಅಣ್ಣ. "ಇಷ್ಟೊತ್ತೂ ನಾನು ಕಾದಿದ್ದು ಬಿಸ್ಲಿಗಾ?"

ಇನ್ನೊಂದು ತೆಗೆಯೋಣವೆಂದು ನಾನು ಎಷ್ಟು ಹೇಳಿದರೂ ಬೇಡವೆಂದರು. ಅದನ್ನೇ ಕಳಿಸಿದೆವು. ಆ ವಾರ ಕಳೆಯುವಷ್ಟರಲ್ಲಿ ಅಣ್ಣ ಮನೆಯೊಳಗೆ ಗೋಡೆ ಹಿಡಿದು ನಡೆಯತೊಡಗಿದರು. ಅಕ್ಕ ನನ್ನ ಮುಂದೆ ಒಮ್ಮೆಯೂ "ನಾನು ಹೇಳಿರ್ಲಿಲ್ವಾ" ಎನ್ನಲಿಲ್ಲ. ಕಾಲಿಗೆ ತಾಗುವ ಸ್ಟೂಲು, ಬಕೆಟ್ಟುಗಳನ್ನೆಲ್ಲ ಮೂಲೆಗೆ ಸರಿಸಿದರು, ಅಷ್ಟೇ.

ಒಂದು ಸಂಜೆ ಅಕ್ಕ ಅಂಗಡಿಗೆ ಹೋದಾಗ ಅಣ್ಣ ನನ್ನನ್ನು ಕರೆದರು. "ತಾಯಿ, ಅವತ್ತು ಮೋಡ ಇತ್ತಾ?"

"ಇತ್ತಲ್ಲ ಅಣ್ಣ," ಎಂದೆ.

ಅವರು ಜೋರಾಗಿ ನಕ್ಕರು. "ನೀನೂ ಸೇರ್ಕೊಂಡ್ಯಾ? ಬಾಯಿ ತಪ್ಪಿ ಕೇಳ್ಬುಟ್ಟೆ ಕಣಮ್ಮ. ಕೇಳಿದ್ಮ್ಯಾಕೆ ಗೊತ್ತಾಯ್ತು, ಮೊಣಕಾಲು ಸುಡ್ತಾ ಐತೆ. ಮೋಡ ಇದ್ರೆ ಮೊಣಕಾಲು ಸುಡ್ತೈತಾ?" ಸ್ವಲ್ಪ ಹೊತ್ತು ತಮ್ಮ ಮೊಣಕಾಲನ್ನೇ ಸವರಿಕೊಂಡರು. "ಇರ್ಲಿ ಬಿಡು. ಅವ್ಳು ಮೋಡ ಅಂದ್ರೆ ಮೋಡ. ಇಷ್ಟು ವರ್ಷ ಅವ್ಳು ಹೇಳಿದ್ನೆಲ್ಲಾ ನಂಬ್ಲಿಲ್ವಾ? ಅವ್ಳ ಮುಂದೆ ಅನ್ಬ್ಯಾಡ."

ನಾನು ಅನ್ನಲಿಲ್ಲ. ಈ ಕಾಗದದ ಮೇಲೆ ಬರೆಯುವವರೆಗೂ ಯಾರ ಮುಂದೆಯೂ ಅಂದಿರಲಿಲ್ಲ.

ಚಿತ್ರ ಆಯ್ಕೆಯಾಯಿತು, ಬಹುಮಾನ ಬರಲಿಲ್ಲ. ಹೊಸೂರಿನ ಕಲ್ಯಾಣ ಮಂಟಪವೊಂದರ ಊಟದ ಹಾಲ್‌ನಲ್ಲಿ ತೂಗುಹಾಕಿದ್ದರು. ನಾವು ಮೂವರೂ ಆಟೋದಲ್ಲಿ ಹೋದೆವು. ಅಣ್ಣ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದರು. ಅಕ್ಕ ಅವರ ತೋಳು ಹಿಡಿದು ಮೊದಲನೇ ಚಿತ್ರದಿಂದ ಶುರು ಮಾಡಿದರು, ಒಂದನ್ನೂ ಬಿಡದೆ. ಕೃಷ್ಣಗಿರಿ ಡ್ಯಾಮಿನ ನೀರಿನ ಮೇಲೆ ಬೆಳಗಿನ ಮಂಜು. ಸೂಳಗಿರಿಯ ಹೂವಿನ ತೋಟದ ಪ್ಲಾಸ್ಟಿಕ್ ಮನೆಯೊಳಗೆ ಗುಲಾಬಿ ಕೊಯ್ಯುವ ಹೆಂಗಸು, ಹಾಲಿನಂಥ ಬೆಳಕು ಎಲ್ಲ ಕಡೆಯಿಂದ. ಸಾನಮಾವಿನಲ್ಲಿ ಆನೆಗಳು ಎಬ್ಬಿಸಿದ ಧೂಳು, ಅದರೊಳಗೆ ಓರೆ ಬಿಸಿಲು. ಇಲ್ಲಿ ಅಣ್ಣ "ನಮ್ಮೂರು!" ಎಂದು ನಿಂತು, ಎರಡು ಸಲ ಹೇಳಿಸಿಕೊಂಡರು. ಮೊದಲ ಬಹುಮಾನ ಬಂದದ್ದು ವೆಲ್ಡಿಂಗ್ ಮಾಡುವವನ ಮುಖಕ್ಕೆ.

"ಕಿಡಿ ಕೆಳಗಿಂದ ಹಾರ್ತಾ ಐತೆ. ಗಲ್ಲದ ತಳ ಪೂರಾ ಬೆಳಕು. ಕಣ್ಣು ನೆಳ್ಳಾಗೈತೆ, ಬೆವರು ಮಾತ್ರ ಹೊಳೀತೈತೆ," ಎಂದರು ಅಕ್ಕ.

"ಕೊಡ್ಬೇಕಾದ್ದೇ," ಎಂದರು ಅಣ್ಣ, ಮನಸಾರೆ.

ನಮ್ಮ ಚಿತ್ರ ಕೊನೆಯಲ್ಲಿ, ಕೈ ತೊಳೆಯುವ ಬೇಸಿನ್ನಿನ ಪಕ್ಕದ ಗೋಡೆಯಲ್ಲಿತ್ತು. ದೊಡ್ಡದಾಗಿ ನಾನು ನೋಡಿದ್ದು ಅದೇ ಮೊದಲು. ಬಾಗಿಲ ಕಂಬ ಹಿಡಿದು ಅರ್ಧ ಎದ್ದ ಹೆಂಗಸು. ತೆಳ್ಳಗಾದ ನರೆಗೂದಲು, ಬಣ್ಣ ಮಾಸಿದ ಕಂದು ಸೀರೆ. ನಗುವಿನಲ್ಲಿ ಮುಂದಿನ ಒಂದು ಹಲ್ಲಿಲ್ಲ. ಕುತ್ತಿಗೆಯ ಸುಕ್ಕಿನಲ್ಲೆಲ್ಲ ಬಿಸಿಲು ತುಂಬಿಕೊಂಡಿದೆ. ನನಗೆ ಅದರಲ್ಲಿ ಒಂದು ಕಲೆಯೂ ಕಾಣಲಿಲ್ಲ.

ಅಕ್ಕನ ಕಾಲು ಅಲ್ಲೇ ನಿಂತಿತು.

"ಬಂತಾ ನಮ್ದು?" ಎಂದರು ಅಣ್ಣ. "ಹೇಳು ಮತ್ತೆ."

"ನನ್ನ ಮೊಕ ನಾನೇ ಹೇಳ್ಲಾ? ನಾಚ್ಕೆ ಆಗ್ತೈತೆ, ನಡಿ."

"ಬ್ಯಾಡ ಬಿಡು. ನಾನೇ ಹೇಳ್ತೀನಿ." ಅವರು ಕೈ ಎತ್ತಿದರು, ಚಿತ್ರದ ಗಾಜಿಗೆ ಇನ್ನೇನು ತಾಗಬೇಕು ಎನ್ನುವಲ್ಲಿ ನಿಲ್ಲಿಸಿದರು. ಕೈ ತೊಳೆಯಲು ಬಂದಿದ್ದ ಇಬ್ಬರು ನಲ್ಲಿ ನಿಲ್ಲಿಸಿ ನೋಡಿದರು. "ಬಲಗೆನ್ನೆ ಮ್ಯಾಲೆ ಬೆಳಕು. ಕೂದ್ಲು ಕರ್ರಗೆ, ಈಗ್ತಾನೆ ಎರ್ಕೊಂಡು ಬಂದೀಯ, ಜಡೆ ಹಾಕಿಲ್ಲ, ಹೆಗಲ ಮ್ಯಾಲಿಂದ ಮುಂದಕ್ಕೆ ಬಿದ್ದೈತೆ. ಹಸ್ರು ಸೀರೆ. ಕುತ್ಗೇಲಿ ಹೊಸ ತಾಳಿ ದಾರ, ಅರಿಸ್ನ ಇನ್ನೂ ಆರಿಲ್ಲ. ನಗ್ತಾ ಇದೀಯ, ಹಲ್ಲು ಸಾಲಾಗಿ ಕಾಣ್ತವೆ." ಅವರು ಅಕ್ಕನ ಕಡೆ ತಿರುಗಿದರು. "ಸರೀನಾ? ಏನಾರ ತಪ್ಪೈತಾ?"

ಅಕ್ಕ ಚಿತ್ರವನ್ನು ನೋಡಿದರು, ಆಮೇಲೆ ಗಂಡನ ಮುಖವನ್ನು ನೋಡಿದರು.

"ಒಂಚೂರೂ ತಪ್ಪಿಲ್ಲ," ಎಂದರು. "ಅಂಗೇ ಐತೆ."